ಏಳನೆಯ ಸೆನ್ಸರ್

ಮಾರ್ಚ್ 18

ಪ್ರೋಗ್ರಾಮನ್ನು ಮತ್ತೆ ಓಡಿಸಿದೆ. ಇನ್ನೂರ ಹನ್ನೆರಡು ಸ್ಟೇಷನ್‌ಗಳ ವಿದ್ಯುತ್ ಗ್ರಿಡ್ ಈಗ ಒಂಬತ್ತು ಬಿಂದುಗಳ ಮಾಡೆಲ್. ಆರು ಸೆನ್ಸರ್‌ಗಳ ಅಳತೆ ಅದರೊಂದಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತದೆ. ಏಳನೆಯದು ಮಾತ್ರ — ಕಾರ್ಕಳದಾಚೆ, ಬಜಗೋಳಿ ರಸ್ತೆಯ ಸಬ್‌ಸ್ಟೇಷನ್ನಿನದು, ಹೋದ ವಾರ ಅಳವಡಿಸಿದ್ದು — ನಾಲ್ಕು ಸೆಕೆಂಡಿಗೊಮ್ಮೆ ಮೇಲೆ ಕೆಳಗೆ ತೂಗುತ್ತದೆ.

ಲ್ಯಾಬಿನಲ್ಲಿ ಪಕ್ಕದ ಮೇಜಿನ ಚೈತಾಲಿ ಇಣುಕಿದಳು. “ಎಂತ ಮಾರಾಯ್ತಿ, ಗ್ರಿಡ್ಡಿಗೆ ತೊಟ್ಟಿಲು ಕಟ್ಟಿದ್ದೀಯಾ?”

ನಗಲಿಲ್ಲ. ಒಂದು ಸೆಮಿಸ್ಟರಿನಲ್ಲೂ ಮೊದಲ ಸ್ಥಾನ ಬಿಟ್ಟುಕೊಟ್ಟವಳಲ್ಲ ನಾನು.

ಮಾರ್ಚ್ 24

ಸಬ್‌ಸ್ಟೇಷನ್ನಿಗೆ ಹೋಗಿ ಬಂದೆ. ಆಪರೇಟರ್ ವಲೇರಿಯನ್, ಮೇ ಮೂವತ್ತೊಂದಕ್ಕೆ ನಿವೃತ್ತಿ. ಸೆನ್ಸರಿಗೆ ಸಮಯ ಕೊಡುವ ಆಂಟೆನಾವನ್ನು ಅವರೇ ಚಾವಣಿಯ ಇನ್ನೊಂದು ಮೂಲೆಗೆ ಸರಿಸಿದ್ದರು. ಮಂಗ ಕೇಬಲ್ ಎಳೆಯುತ್ತಿತ್ತಂತೆ.

“ನಮ್ಮನ್ನು ಕೇಳದೆ ಮುಟ್ಟಿದ್ದು ಯಾಕೆ?”

“ಮಂಗ ನಿಮ್ಮನ್ನು ಕೇಳಿತ್ತಾ ಮೇಡಂ?”

ನಂತರ ಲಾಗ್ ಪುಸ್ತಕ ತೆರೆದರು. “ತೂಗಾಟ ಸುಳ್ಳಲ್ಲ. ಈಗ ಮೀಟರಿನ ಮುಳ್ಳೇ ಅಲುಗುತ್ತಾ ಉಂಟು. ಮೂವತ್ತಾರು ವರ್ಷದಲ್ಲಿ ಹೀಗೆ ಕಂಡದ್ದಿಲ್ಲ. ಬರೆದಿಟ್ಟಿದ್ದೇನೆ, ನೋಡಿ.”

ನೋಡಲಿಲ್ಲ. ಕಣ್ಣಳತೆ ದತ್ತಾಂಶವಲ್ಲ.

ಎಪ್ರಿಲ್ 11

ವರದಿ ಮುಗಿಯಿತು. “ಆಪರೇಟರ್ ವಲೇರಿಯನ್ ಅನುಮತಿಯಿಲ್ಲದೆ ಆಂಟೆನಾ ಸ್ಥಳಾಂತರಿಸಿದ್ದರಿಂದ ಅಳತೆ ಕೆಟ್ಟಿದೆ. ಏಳನೆಯ ಸೆನ್ಸರನ್ನು ಕೈಬಿಡಲಾಗಿದೆ.”

ಗೈಡ್ ಸ್ಯಾಮ್ಸನ್ ಸರ್ ಪೆನ್ಸಿಲಿನಿಂದ ಆ ಸಾಲು ತೋರಿಸಿದರು. “ಹೆಸರು ಬೇಕಾ ಉಮೈರಾ? ಇದು ಅವರ ಮೇಲಿನವರಿಗೂ ಹೋಗ್ತದೆ.”

ಬೇಕು ಎಂದೆ. ನಿಖರತೆ ಅರ್ಧಕ್ಕೆ ನಿಲ್ಲಬಾರದು.

ಮೇ 2

ಈ ಕೆಲಸದ ಸಂಶೋಧನಾ ಪೇಪರ್ ಒಪ್ಪಿಗೆಯಾಯಿತು. ಉಮ್ಮ ಉದ್ಯಾವರದ ಬೀದಿಯಿಡೀ ಸಿಹಿ ಹಂಚಿದರು.

ವಲೇರಿಯನ್ ಅವರನ್ನು ಕಂಟ್ರೋಲ್ ರೂಮಿನಿಂದ ತೆಗೆದು ಬಿಡಿಭಾಗಗಳ ಸ್ಟೋರಿಗೆ ಹಾಕಿದ್ದಾರಂತೆ. ಚೈತಾಲಿ ಹೇಳಿದಳು. ನಿಯಮ ಎಲ್ಲರಿಗೂ ಒಂದೇ ಎಂದೆ. ಅವಳು ತನ್ನ ಪರದೆಯತ್ತ ತಿರುಗಿದಳು.

ಜೂನ್ 3, ಬೆಳಿಗ್ಗೆ 11

ಪ್ರೋಗ್ರಾಮನ್ನು ಸಾಲು ಸಾಲಾಗಿ ಓದುತ್ತಿದ್ದೆ. ನಿಧಾನದ ಏರಿಳಿತವನ್ನು ಅಳಿಸುವ ಫಿಲ್ಟರ್ — ನಾನೇ ಬರೆದದ್ದು — ಆರು ಸೆನ್ಸರ್‌ಗಳಿಗೆ ಮಾತ್ರ ಇದೆ. ಏಳನೆಯದು ತಡವಾಗಿ ಬಂದದ್ದು. ಪಟ್ಟಿಗೆ ಸೇರಿಸಲು ಮರೆತಿದ್ದೆ.

ಫಿಲ್ಟರ್ ತೆಗೆದೆ.

ಏಳೂ ಒಟ್ಟಿಗೆ ತೂಗಿದವು. ನಾಲ್ಕು ಸೆಕೆಂಡಿಗೊಮ್ಮೆ.

ಸುಳ್ಳು ಹೇಳಿದ್ದು ಉಳಿದ ಆರು. ಹೇಳಿಸಿದ್ದು ನಾನು.

ಜೂನ್ 5

ಕಾರ್ಕಳಕ್ಕೆ, ವಲೇರಿಯನ್ ಅವರ ಮನೆಗೆ. ಬಾಗಿಲು ತೆರೆದದ್ದು ಅವರ ಹೆಂಡತಿ ಜೆರ್ಟ್ರೂಡ್. ಕೂರಿಸಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

“ಅಲ್ಲಿ ಒಂದು ರೂಢಿ ಉಂಟು ಮಗಳೇ. ನಿವೃತ್ತಿಯಾಗುವವರು ಕೊನೆಯ ಗಂಟೆಯ ರೀಡಿಂಗ್ ಬರೆದು, ಸಹಿ ಹಾಕಿ, ಪೆನ್ನನ್ನು ಮುಂದಿನವರ ಕೈಗೆ ಕೊಡುವುದು. ಇವರು ಹೊಸ ಪೆನ್ನು ತೆಗೆದಿಟ್ಟಿದ್ದರು. ಪುಸ್ತಕ ಮುಟ್ಟಲು ಬಿಡಲಿಲ್ಲ. ಆ ದಿನವಿಡೀ ಸ್ಟೋರಿನಲ್ಲಿ ನಟ್ಟು ಬೋಲ್ಟು ಬೇರೆ ಮಾಡಿದರಂತೆ.”

ವಲೇರಿಯನ್ ಅವರಿಗೆ ಎಲ್ಲವನ್ನೂ ಹೇಳಿದೆ. ಫಿಲ್ಟರ್, ಪಟ್ಟಿ, ಮರೆವು.

“ಈಗಲೂ ತೂಗುತ್ತದಾ?”

“ಗೊತ್ತಿಲ್ಲ ಅಂಕಲ್. ಸೆನ್ಸರ್ ತೆಗೆಸಿದೆ. ಉಳಿದವುಗಳ ಅಳತೆ ಎಪ್ರಿಲಿಗೇ ನಿಲ್ಲಿಸಿದ್ದೇವೆ.”

“ಹಾಗಾದರೆ ಈಗ ಯಾರೂ ನೋಡ್ತಾ ಇಲ್ಲ,” ಎಂದರು. ಅಷ್ಟೇ. ನನ್ನನ್ನು ದೂರಲಿಲ್ಲ. ತೂಗಾಟ ಬೆಳೆದರೆ ಇಡೀ ಗ್ರಿಡ್ ಬೀಳಬಹುದೆಂದೇ ಹೆದರಿದ್ದರು.

ಜೂನ್ 6

ಪೇಪರ್ ಹಿಂತೆಗೆದೆ. ವಲೇರಿಯನ್ ಅವರ ಮೇಲಿನವರಿಗೆ ಪತ್ರ ಬರೆದೆ: ತಪ್ಪು ನನ್ನದು, ಆಪರೇಟರ್ ಹೇಳಿದ್ದು ನಿಜ, ತೂಗಾಟವನ್ನು ಕೂಡಲೇ ಪರಿಶೀಲಿಸಬೇಕು. ಸ್ಯಾಮ್ಸನ್ ಸರ್ ಸಹಿ ಹಾಕಿದರು.

ಓದಿ ಹೇಳೋಣವೆಂದು ಕಾರ್ಕಳಕ್ಕೆ ಫೋನ್ ಮಾಡಿದೆ. ಜೆರ್ಟ್ರೂಡ್ ಆಂಟಿ ಎತ್ತಿದರು. ಪೂರ್ತಿ ಕೇಳಿದರು.

“ಬರೆದದ್ದು ಒಳ್ಳೆಯದಾಯಿತು ಮಗಳೇ. ಆದರೆ ಮೂವತ್ತೊಂದು ಹೋಯಿತಲ್ವಾ.”

ಹೌದು ಆಂಟಿ ಎಂದೆ.