ನಿನ್ನ ಹೆಸರಿನಲ್ಲಿ ದುಡಿದವಳು

ಇಂಚೆನ್, ಹಳೇ ಗಿರಣಿ ಓಣಿ
ನವೆಂಬರ್ 14, 2023

ನನ್ನ ಗುಮ್‌ಸುನ್ ಅಕ್ಕಾ,

ಹೇಗಿದ್ದೀಯ? ಬಲಭುಜ ಎತ್ತೋಕೆ ಬರುತ್ತಾ? ತೊಂಗ್‌ಯೊಂಗಿನಲ್ಲಿ ಸಿಂಪಿಯ ಕಾಲ ಶುರುವಾಯಿತೆಂದರೆ ನನಗೆ ಇಲ್ಲಿ ನಿದ್ದೆ ಹತ್ತುವುದಿಲ್ಲ. ಬೆಳಕು ಹರಿಯುವ ಮೊದಲೇ ನೀನು ಆ ಶೆಡ್ಡಿನಲ್ಲಿ ನಿಂತು ಚಿಪ್ಪು ಬಿಡಿಸುತ್ತಿರುತ್ತೀಯ ಅಂತ ಗೊತ್ತು. ಒಂದರ ಮೇಲೊಂದು ಕೈಗವಸು ಹಾಕಿಕೋ. ಮಾಲೀಕ ಒಂದೇ ಜೊತೆ ಕೊಟ್ಟರೆ ಇನ್ನೊಂದು ಕೇಳು. ಕೇಳಿದರೆ ನಾಲಿಗೆಯೇನೂ ಸವೆಯುವುದಿಲ್ಲ. ಭಾವನ ಕೆಮ್ಮು ಹೇಗಿದೆ? ನೀನು ಕಳಿಸಿದ ಸಿಂಪಿ ಐಸಿನ ಡಬ್ಬಿಯಲ್ಲಿ ಒಂದೂ ಕೆಡದೆ ಬಂತು. ಚಳಿಗಾಲಕ್ಕೆ ಹಾಕಿಡುವ ಕೋಸಿನ ಕಿಮ್ಚಿಗೆ ಅದನ್ನೇ ಹಾಕಿದೆವು. ಒಕ್‌ಬುನ್ ನೆನಪಿದ್ದಾಳಲ್ಲ, ಬಟ್ಟೆ ಗಿರಣಿಯಲ್ಲಿ ನನ್ನ ಪಕ್ಕದ ಯಂತ್ರದವಳು, ಈಗ ಓಣಿಯ ಮೂಲೆಯಲ್ಲಿ ಪಲ್ಯದ ಅಂಗಡಿ ಇಟ್ಟವಳು, ಮೊಣಕೈವರೆಗೆ ಖಾರ ಮೆತ್ತಿಕೊಂಡು, "ಉಪ್ಪು ಜಾಸ್ತಿ ಆದ್ರೆ ನಿಮ್ಮಕ್ಕನ ಸಮುದ್ರದ್ದು, ಕಮ್ಮಿ ಆದ್ರೆ ನಿನ್ನದು" ಅಂದಳು. ನಾಲಿಗೆ ಹಾಗೇ ಇದೆ.

ಫೋನು ಬಿಟ್ಟು ಕಾಗದ ಯಾಕೆ ಬರೆದಳು ಅಂತೀಯ. ಫೋನಿನಲ್ಲಿ ನೀನು "ಊಟ ಆಯ್ತಾ? ಸರಿ, ಇಡ್ತೀನಿ" ಅಂದುಬಿಡುತ್ತೀಯ. ಗಿರಣಿಯ ಮಾತು ತೆಗೆದರಂತೂ "ಅದೆಲ್ಲ ಈಗ್ಯಾಕೆ" ಅಂತ ಇಟ್ಟೇಬಿಡುತ್ತೀಯ. ಕಾಗದವನ್ನು ನೀನು ಹಾಗೆ ಮಧ್ಯದಲ್ಲಿ ಕತ್ತರಿಸಲಾರೆ. ಒಂದು ಒಪ್ಪಿಗೆ ಬೇಕಾಗಿದೆ ನಿನ್ನಿಂದ. ಮೊದಲು ಸುದ್ದಿ ಕೇಳು.

ಒಕ್‌ಬುನ್ ಅಂಗಡಿಯ ಮಹಡಿಯ ಮೇಲೆ ನಾವು ನಡೆಸುವ ಪುಟ್ಟ ಗ್ರಂಥಾಲಯಕ್ಕೆ ಈ ಸೆಪ್ಟೆಂಬರಿನಿಂದ ಕಾಲೇಜು ಮಕ್ಕಳು ಬರುತ್ತಿದ್ದಾರೆ. ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ಓದುವವರು. ಕೊನೇ ವರ್ಷದ ಯೋಜನೆಗೆ ಒಂದು ಬಡಾವಣೆಯ ಗ್ರಂಥಾಲಯ ಹಿಡಿದು ಕೆಲಸ ಮಾಡಬೇಕಂತೆ. ಅವರು ಮೆಟ್ಟಿಲು ಹತ್ತಿ ಬಂದ ದಿನ ನಾನು ನಗಲಿಲ್ಲ, ನಿಜ ಹೇಳುತ್ತೇನೆ. ನಮ್ಮ ಹಸಿವನ್ನು ಫೋಟೋ ಹಿಡಿದು ಪದವಿ ಸಂಪಾದಿಸಿದವರನ್ನು ಎಷ್ಟು ನೋಡಿಲ್ಲ ನಾವು! ನಮ್ಮ ಕೆಮ್ಮಿನ ಬಗ್ಗೆ ದಪ್ಪ ಪುಸ್ತಕ ಬರೆದವರು ಕೆಮ್ಮಿಗೆ ಒಂದು ಮಾತ್ರೆ ತಂದುಕೊಡಲಿಲ್ಲ. ಒಕ್‌ಬುನ್ ಅಂತೂ ಬಾಗಿಲಲ್ಲೇ, "ಏನ್ರಪ್ಪಾ, ಮಾರ್ಕ್ಸು ಕೀಳೋಕೆ ಬಂದ್ರಾ? ಕಿಟಕಿ ಒರೆಸೋಕೆ ಬಟ್ಟೆ ಅಲ್ಲಿದೆ, ತಗೊಳ್ಳಿ" ಅಂದಳು. ಅವರಲ್ಲಿ ನೊ ಹಾರಂ ಅಂತ ಒಬ್ಬಳು, ಗಂಡುಹುಡುಗರ ಹಾಗೆ ಕೂದಲು ಕತ್ತರಿಸಿಕೊಂಡವಳು, ಬಟ್ಟೆ ತಗೊಂಡು ಒರೆಸಿಯೇಬಿಟ್ಟಳು. ಒರೆಸುತ್ತಲೇ, "ಅಜ್ಜಿ, ಇಲ್ಲಿಗೆ ಜನ ಏನು ಕೇಳ್ಕೊಂಡು ಬರ್ತಾರೆ?" ಅಂದಳು. ಪುಸ್ತಕ ಎಷ್ಟಿವೆ ಅಂತ ಕೇಳಲಿಲ್ಲ, ನೋಡು. ಜನ ಏನು ಕೇಳುತ್ತಾರೆ ಅಂತ ಕೇಳಿದಳು. ಆಸ್ಪತ್ರೆಯ ಚೀಟಿ ಓದಿಸಿಕೊಳ್ಳಲು ಬರುತ್ತಾರೆ, ಮನೆ ಕೆಡವುವ ನೋಟಿಸು ಹಿಡಿದು ಬರುತ್ತಾರೆ, ವಿಯೆಟ್ನಾಮಿನಿಂದ ಮದುವೆಯಾಗಿ ಬಂದ ಸೊಸೆಯಂದಿರು ಮಗುವಿನ ಶಾಲೆಯ ಕಾಗದ ತಂದು ನಿಲ್ಲುತ್ತಾರೆ ಅಂದೆ. ಮುಂದಿನ ವಾರವೇ ಅದಕ್ಕೊಂದು ಮೇಜು ಬಂತು, ದಪ್ಪ ಅಕ್ಷರದ ಪುಸ್ತಕಗಳು ಬಂದವು, ಮೆಟ್ಟಿಲು ಹತ್ತಲಾರದವರಿಗೆ ಮನೆ ಬಾಗಿಲಿಗೆ ಪುಸ್ತಕ ಒಯ್ಯುವ ಏರ್ಪಾಡೂ ಆಯಿತು. ನನ್ನ ಬಾಯಿ ಮುಚ್ಚಿಸುವುದು ಸುಲಭವಲ್ಲ. ಆ ಮಕ್ಕಳು ಮುಚ್ಚಿಸಿದರು.

ಆಮೇಲೆ ಗಿರಣಿಯ ನೆನಪುಗಳ ಕೆಲಸ ಹಿಡಿದರು. ನಮ್ಮ ಕರಪತ್ರ, ಫೋಟೋ, ನಾವು ಮಾತಾಡಿದ್ದು ಎಲ್ಲ ಕಂಪ್ಯೂಟರಿಗೆ ಸೇರಿಸಿ, ಯಾರು ಹುಡುಕಿದರೂ ಸಿಗುವ ಹಾಗೆ ಮಾಡುವುದು. ಅವರ ವಿದ್ಯೆಯಲ್ಲಿ ಒಂದು ಕಟ್ಟುನಿಟ್ಟು ಇದೆಯಂತೆ: ಒಬ್ಬ ಮನುಷ್ಯನಿಗೆ ಒಂದೇ ಪುಟ. ಅವನು ಯಾವ್ಯಾವ ಹೆಸರಿನಲ್ಲಿ ಬದುಕಿದ್ದರೂ ಎಲ್ಲ ಆ ಒಂದೇ ಪುಟಕ್ಕೆ ಸೇರಬೇಕು. ಇಬ್ಬರು ಒಂದೇ ಪುಟದಲ್ಲಿ ಇರುವ ಹಾಗಿಲ್ಲ. ನಾನು ಎರಡು ಫೋಟೋ ಕೊಟ್ಟಿದ್ದೆ. ಒಂದು, ಮುಷ್ಕರದ ದಿನ ಗಿರಣಿಯ ಅಂಗಳದಲ್ಲಿ ಕೂತದ್ದು. ಇನ್ನೊಂದು, ಊರಲ್ಲಿ ಅಪ್ಪನ ಅರವತ್ತರ ಹಬ್ಬದ್ದು. ಅಪ್ಪ ದಿಂಬಿಗೆ ಒರಗಿದ್ದಾನೆ, ನೀನು ಪಕ್ಕದಲ್ಲಿ. ಹಾರಂ ಎರಡನ್ನೂ ಮೇಜಿನ ಮೇಲೆ ಇಟ್ಟು, "ತಪ್ಪು ತಿಳ್ಕೋಬೇಡಿ ಅಜ್ಜಿ. ಇದ್ರ ಹಿಂದೇನೂ ತಾಕ್ ಗುಮ್‌ಸುನ್, ಅದ್ರ ಹಿಂದೇನೂ ತಾಕ್ ಗುಮ್‌ಸುನ್. ಮುಖ ಮಾತ್ರ ಒಂದಲ್ಲ. ಇದ್ರಲ್ಲಿ ನೀವ್ಯಾರು?" ಅಂದಳು.

ಅಕ್ಕಾ, ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಪೊಲೀಸರು ಕೇಳಲಿಲ್ಲ, ಮೇಸ್ತ್ರಿ ಕೇಳಲಿಲ್ಲ. ನನಗೆ ಹದಿನಾಲ್ಕು, ಗಿರಣಿಗೆ ಹದಿನೆಂಟರವಳು ಬೇಕಿತ್ತು. ಹದಿನೆಂಟರ ನೀನು ಹಾಸಿಗೆ ಹಿಡಿದ ಅಪ್ಪನನ್ನು ಬಿಟ್ಟು ಬರುವ ಹಾಗಿರಲಿಲ್ಲ. ಬಸ್ ನಿಲ್ದಾಣದಲ್ಲಿ ನಿನ್ನ ಗುರುತಿನ ಚೀಟಿ ನನ್ನ ಅಂಗೈಗೆ ಒತ್ತಿ, "ನನ್ನ ಹೆಸರು ಜೋಪಾನ ಕಣೇ" ಅಂದೆ. ಅಂದಿನಿಂದ ಈ ಓಣಿಯಲ್ಲಿ ನಾನು ಮಾಲ್‌ಹಿ ಅಲ್ಲ, ಗುಮ್‌ಸುನ್. ಒಕ್‌ಬುನ್ ಇವತ್ತಿಗೂ ನನ್ನನ್ನು ಹಾಗೇ ಕೂಗುತ್ತಾಳೆ. ಸಂಘದಲ್ಲಿ ಕೈ ಎತ್ತಿದವಳು ಗುಮ್‌ಸುನ್, ಮುಷ್ಕರಕ್ಕೆ ಕೂತವಳು ಗುಮ್‌ಸುನ್. ನಮ್ಮನ್ನೆಲ್ಲ ಹೊರಗೆ ಹಾಕಿ ಧಣಿಗಳು ದೇಶದ ಎಲ್ಲ ಕಾರ್ಖಾನೆಗೆ ಕಳಿಸಿದ ಕಪ್ಪು ಪಟ್ಟಿಯಲ್ಲಿ ಇದ್ದವಳೂ ಗುಮ್‌ಸುನ್. ಅಪ್ಪ ತೀರಿಕೊಂಡ ಮೇಲೆ ನೀನು ಆ ಚೀಟಿಯನ್ನು ನನ್ನಿಂದ ವಾಪಸು ತಗೊಂಡು ಕೆಲಸ ಹುಡುಕಿಕೊಂಡು ಪೂಸಾನಿಗೆ ಹೋದೆ. ಒಂದು ದಿನವೂ ಘೋಷಣೆ ಕೂಗದ ನಿನ್ನನ್ನು, ಚೀಟಿ ನೋಡಿದ ಕೂಡಲೇ ಗೇಟಿನಿಂದ ಆಚೆ ತಳ್ಳಿದರು. ನನ್ನ ಮುಷ್ಕರದ ಏಟು ನಿನ್ನ ಬೆನ್ನಿಗೆ ಬಿತ್ತು. ಆ ಚಳಿಗಾಲ ನನಗೊಂದು ಉಣ್ಣೆಯ ಅಂಗಿ ಹೆಣೆದು ಕಳಿಸಿದೆ, ಅಷ್ಟೇ.

ಇದನ್ನೆಲ್ಲ ಹಾರಂ ಮುಂದೆ ಹೇಳಿದೆ. ಒಕ್‌ಬುನ್‌ಗೆ ಎಲ್ಲಿಲ್ಲದ ಸಿಟ್ಟು ಬಂತು: "ಏಯ್ ಹುಡುಗೀ, ಆ ಹೆಸರನ್ನ ಮುಟ್ಟಬೇಡ! ನಾನು ಲಾಠಿ ತಿಂದಿದ್ದು ಗುಮ್‌ಸುನ್ ಜೊತೆ. ಮಾಲ್‌ಹಿ ಅನ್ನೋಳು ಯಾವಳೋ ನನಗೆ ಗೊತ್ತಿಲ್ಲ." ಹಾರಂ ಬೆದರಲಿಲ್ಲ. "ಸರಿ ಅಜ್ಜಿ. ನಿಮ್ಮ ನಿಜವಾದ ಹೆಸರಾದ್ರೂ ಒಕ್‌ಬುನ್ನೇ ತಾನೇ?" ಅಂದಳು. ಒಕ್‌ಬುನ್ ಮುಖ ಆಚೆ ತಿರುಗಿಸಿದಳು. ಆಮೇಲೆ, "ಅದು ನಮ್ಮ ಸೋದರತ್ತೆ ಮಗಳದ್ದು, ಮುಂಡೇದು" ಅಂತ ಗೊಣಗಿದಳು. ಅಲ್ಲಿ ಕೂತಿದ್ದ ಗಿರಣಿಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕೆವು. ನಗುತ್ತ ನಗುತ್ತ ಒಬ್ಬೊಬ್ಬಳೇ ಹೇಳತೊಡಗಿದಳು: ನಂದು ಅಕ್ಕಂದು, ನಂದು ಪಕ್ಕದ ಮನೆಯವಳದ್ದು, ನಂದು ಸತ್ತುಹೋದ ಚಿಕ್ಕಮ್ಮಂದು. ಆ ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಆ ಗಿರಣಿ ಓಡಿದ್ದು ಮಕ್ಕಳ ಕೈಯಿಂದ ಅಕ್ಕಾ, ದೊಡ್ಡವರ ಹೆಸರು ತೊಡಿಸಿದ ಮಕ್ಕಳ ಕೈಯಿಂದ. ಹೆಸರು ಸುಳ್ಳು ಅಂತ ಧಣಿಗೆ ಗೊತ್ತಿರಲಿಲ್ಲವೇ? ಅಂಗೈ ಅಗಲ ನೋಡಿದರೆ ಕುರುಡನಿಗೂ ತಿಳಿಯುತ್ತಿತ್ತು. ದುಡಿಸಿಕೊಳ್ಳುವಾಗ ಕಣ್ಣು ಮುಚ್ಚಿದ. ಹೊರಗೆ ಹಾಕುವಾಗ ಅದೇ ಹೆಸರನ್ನು ಅಕ್ಷರ ತಪ್ಪದೆ ಬರೆದ.

ಮಕ್ಕಳು ವಾರಗಟ್ಟಲೆ ಜೋಡಿಸಿದ್ದೆಲ್ಲ ಒಂದೇ ಮಧ್ಯಾಹ್ನದಲ್ಲಿ ತಲೆಕೆಳಗಾಯಿತು. ಬೇರೆ ಯಾರಾದರೂ ಆಗಿದ್ದರೆ "ಹೋಗಲಿ ಬಿಡಿ, ಗಡುವು ಹತ್ತಿರ ಬಂತು" ಅಂತ ಮುಚ್ಚಿ ಹಾಕುತ್ತಿದ್ದರು. ಇವರು ಮೊದಲಿನಿಂದ ಶುರುಮಾಡಿದರು. ಸುಳ್ಳು ಹೆಸರು ಅಂತ ಯಾವುದನ್ನೂ ಅಳಿಸಲಿಲ್ಲ. "ಅದೂ ನಿಜವೇ ಅಜ್ಜಿ, ಆ ಹೆಸರಲ್ಲೇ ತಾನೇ ನೀವು ಬದುಕಿದ್ದು?" ಅಂದಳು ಹಾರಂ. ಈಗ ತಾಕ್ ಮಾಲ್‌ಹಿ ಅಂತ ಒಂದು ಪುಟ, ಅದರಲ್ಲಿ "ಅಕ್ಕ ಗುಮ್‌ಸುನ್ ಹೆಸರಿನಲ್ಲಿ ದುಡಿದವಳು" ಎಂಬ ಸಾಲು. ತಾಕ್ ಗುಮ್‌ಸುನ್ ಅಂತ ಬೇರೊಂದು ಪುಟ, ಅದರಲ್ಲಿ "ತಂಗಿಗೆ ಹೆಸರು ಕೊಟ್ಟವಳು, ಮಾಡದ ಮುಷ್ಕರಕ್ಕೆ ಕೆಲಸ ಕಳೆದುಕೊಂಡವಳು." ಧಣಿಗಳೂ ನಮ್ಮ ಹೆಸರು ಜೋಡಿಸಿದ್ದರು, ನಮ್ಮ ಅನ್ನಕ್ಕೆ ಕಲ್ಲು ಹಾಕಲು. ಈ ಮಕ್ಕಳೂ ಜೋಡಿಸಿದರು, ಯಾವ ಬೆವರು ಯಾರದೆಂದು ಹೇಳಲು. ಬದುಕಿದ್ದಕ್ಕೆ ಇದನ್ನು ಕಂಡೆ. ಆ ಮಕ್ಕಳ ಹೊಟ್ಟೆ ತಣ್ಣಗಿರಲಿ.

ಆದರೆ ಹೆಸರು ನಿನ್ನದು. ನೀನು ಒಪ್ಪದೆ ಒಂದಕ್ಷರವೂ ಹೊರಗೆ ಹೋಗುವುದಿಲ್ಲ ಅಂತ ಹಾರಂ ಹಟ ಹಿಡಿದಿದ್ದಾಳೆ. ಡಿಸೆಂಬರ್ ಮೊದಲ ಶನಿವಾರ ಓಣಿಯವರ ಮುಂದೆ ಇದನ್ನು ತೆರೆಯುತ್ತಾರೆ. ಬೇಡ ಅಂದರೆ ಎರಡೂ ಪುಟ ಮುಚ್ಚಿರುತ್ತವೆ, ನಾನು ಹಿಂದಿನ ಹಾಗೇ ಗುಮ್‌ಸುನ್ ಆಗಿರುತ್ತೇನೆ. ಚೀಟಿ ಇನ್ನೊಬ್ಬರಿಗೆ ಕೊಡುವುದು ಅಪರಾಧ ಅಂತ ಮುಷ್ಕರದ ಕಾಲದಲ್ಲಿ ಮನೆಗೆ ಬಂದ ಪೊಲೀಸನು ಹೆದರಿಸಿದ್ದು ನಿನ್ನ ಎದೆಯಲ್ಲಿ ಇನ್ನೂ ಕೂತಿದೆ, ಬಲ್ಲೆ. ಸೊಸೆಗೂ ನೀನು ಇದನ್ನು ಹೇಳಿಲ್ಲ. ಹೇಳು ಅಕ್ಕಾ. ಹದಿನಾಲ್ಕರ ಹುಡುಗಿಯನ್ನು ರಾತ್ರಿ ಪಾಳಿಗೆ ನಿಲ್ಲಿಸಿದವನು ತಲೆ ಎತ್ತಿಕೊಂಡು ತಿರುಗಿದ. ನೀನೇಕೆ ತಲೆ ತಗ್ಗಿಸಬೇಕು? ನನಗೆ ನಿನ್ನ ಋಣ ತೀರಿಸಬೇಕೆಂಬ ಭ್ರಮೆಯಿಲ್ಲ. ಅದು ಎಲ್ಲರಿಗೂ ಕಾಣುವ ಹಾಗೆ ಇರಲಿ, ಅಷ್ಟೇ ಆಸೆ.

ಭಾವನಿಗೆ ನಮಸ್ಕಾರ ಹೇಳು, ಮೊಮ್ಮಗನ ಕೆನ್ನೆ ಹಿಂಡು. ಶುಂಠಿಯ ಕಷಾಯ ಬಿಡಬೇಡ. ಒಕ್‌ಬುನ್ ನಿನಗೆ ಎರಡು ಡಬ್ಬಿ ಕಿಮ್ಚಿ ಕಟ್ಟಿದ್ದಾಳೆ, ಕಾಗದದ ಹಿಂದೆಯೇ ಬರುತ್ತದೆ.

ನಿನ್ನ ತಂಗಿ,
ಮಾಲ್‌ಹಿ

ಮರೆತಿದ್ದೆ: ಲಕೋಟೆ ಅಂಟಿಸುವಾಗ ಹಾರಂ ಓಡಿಬಂದಳು. ನಿನ್ನ ಪುಟದಲ್ಲಿ ನೀನು ದುಡಿದ ವರ್ಷಗಳೇ ಇಲ್ಲವಂತೆ, ಖಾಲಿ ಬಿಟ್ಟಿದ್ದಾಳಂತೆ. ನಿನ್ನ ಹೆಸರಿಗೆ ಗೇಟು ಮುಚ್ಚಿದ ಮೇಲೂ ನೀನು ಪೂಸಾನಿನ ಶೂ ಕಾರ್ಖಾನೆಯಲ್ಲಿ ಎಂಟು ವರ್ಷ ಅಂಟು ಬಳಿದೆಯಲ್ಲ. ಅಲ್ಲಿ ನಿನ್ನನ್ನು ಏನೆಂದು ಕೂಗುತ್ತಿದ್ದರು? ನನಗೂ ಗೊತ್ತಿಲ್ಲ ಅಂದೆ. ಪೂಸಾನಿನ ವಿದ್ಯಾರ್ಥಿಗಳೂ ಶೂ ಕಾರ್ಖಾನೆಯವರ ಫೋಟೋ ಜೋಡಿಸುತ್ತಿದ್ದಾರಂತೆ. ಹೆಸರು ಸಿಕ್ಕರೆ ನಿನ್ನ ಮುಖ ಹುಡುಕಿ ತೆಗೆಯುತ್ತಾಳಂತೆ. ಫೋನಿನಲ್ಲಾದರೂ ಆ ಒಂದು ಹೆಸರು ಹೇಳಿ ಇಟ್ಟುಬಿಡು. ಆ ಹೆಸರಿನ ಒಡತಿ ಯಾರು ಅಕ್ಕಾ? ಇನ್ನೂ ಬದುಕಿದ್ದಾಳಾ? ಅವಳನ್ನೂ ಒಂದು ಮಾತು ಕೇಳಬೇಕು.