ಐದು ಸಾವಿರಕ್ಕೆ ಕೆಮ್ಮು

ಮಾರ್ಚ್ ೧೪, ಮಂಗಳವಾರ

ಅಪ್ಪ ಇವತ್ತು ಕಾರಿನ ಕಾರ್ಬ್ಯುರೇಟರನ್ನು ಮೂರನೇ ಸಲ ಬಿಚ್ಚಿ ಜೋಡಿಸಿದರು. ಎಂಜಿನ್ ನಿಮಿಷಕ್ಕೆ ಐದು ಸಾವಿರ ಸುತ್ತು ಮುಟ್ಟುತ್ತಲೇ ಮತ್ತೆ ಅದೇ ಕೆಮ್ಮು. ಕೆಮ್ಮದೆ ಇನ್ನೇನು? ಹೋದ ತಿಂಗಳು ಹೊಸ ಇಗ್ನಿಷನ್ ಕೂರಿಸುವಾಗ, ಅಲ್ಲಿಗೇ ಕಿಡಿ ನಿಲ್ಲುವಂತೆ ಅದರಲ್ಲಿ ಸುತ್ತಿನ ಮಿತಿ ಇಳಿಸಿಟ್ಟವಳು ನಾನೇ. ಈ ವಯಸ್ಸಿನಲ್ಲಿ ಅವರು ಕಾರು ಓಡಿಸುವ ರಭಸ ನೋಡಿ ನನಗೆ ಜೀವ ಬಾಯಿಗೆ ಬರುತ್ತಿತ್ತು. ಹೇಳಿದರೆ ಕೇಳುವ ಆಸಾಮಿಯಲ್ಲ.

ಸಂಜೆ ಕೈ ಒರೆಸಿಕೊಳ್ಳುತ್ತಾ, "ನನ್ನ ಕೈಗುಣ ಹೋಯ್ತಮ್ಮ. ಇನ್ನು ಇದೆಲ್ಲ ನೀನೇ ಇಟ್ಕೋ," ಎಂದು ಟೂಲ್ ಬಾಕ್ಸನ್ನು ನನ್ನ ಮುಂದಿಟ್ಟರು.

"ಹಾಗೆಲ್ಲ ಅನ್ಬೇಡಿ ಅಪ್ಪ," ಎಂದೆ. ಬಾಕ್ಸನ್ನು ಎತ್ತಿಕೊಂಡು ಒಳಗೆ ಬಂದೆ.

ಈಗ ಮುಚ್ಚಳ ತೆಗೆದೆ. ಎಲ್ಲದರ ಮೇಲೆ ಆ ಚಿಕ್ಕ ಸ್ಕ್ರೂಡ್ರೈವರ್. ಮಿತಿ ಇಳಿಸಲು ಅವತ್ತು ಅದನ್ನು ಅವರ ಹತ್ತಿರವೇ ಕೇಳಿದ್ದೆ. ಜಿಡ್ಡು ಒರೆಸಿ ಕೊಟ್ಟಿದ್ದರು.