ನಮ್ಮ ಕದದ ಮೇಲೆ ಬರೆದ ಅಂಕಿ

ಚಿಲಾನ್ಜಾರ್, ತಾಶ್ಕೆಂಟ್
ಅಕ್ಟೋಬರ್ ೧೪, ಸೋಮವಾರ

ಪ್ರೀತಿಯ ಅಕ್ಕ, ಮುಕರ್ರಂ ಓಪಾ,

ನೀವು ಹೇಳಿದ್ದೇ ಸರಿ, ಸಿಕ್ಕಿಕೊಳ್ಳುತ್ತಿದ್ದದ್ದು ಎಡಗಡೆಯ ಕದವೇ. ಬಲಗಡೆಯದು ಅಂತ ನಿನ್ನೆ ಫೋನಿನಲ್ಲಿ ಅಷ್ಟು ವಾದ ಮಾಡಿದೆನಲ್ಲ, ತಪ್ಪು ನನ್ನದು. ನೀವು ಫೋನ್ ಇಟ್ಟ ಮೇಲೆ ಎದ್ದು ನಿಂತು, ಕಣ್ಣು ಮುಚ್ಚಿ, ನಮ್ಮ ಹಳೆಯ ಮನೆಯ ಬಾಗಿಲನ್ನು ಗಾಳಿಯಲ್ಲೇ ತಳ್ಳಿ ನೋಡಿದೆ. ಎಡ ಭುಜವೇ ಮುಂದೆ ಹೋಯಿತು.

ನಿಮ್ಮ ಮಂಡಿನೋವು ಹೇಗಿದೆ? ನಾಮಂಗಾನಿನಲ್ಲಿ ಚಳಿ ಶುರುವಾಯಿತೆ? ಶನಿವಾರ ಇಲ್ಲಿಗೆ ಬರಲು ನಿಮ್ಮನ್ನು ರೈಲು ಹತ್ತಿಸುವವನು ನಿಮ್ಮ ಅವಳಿ ಮಕ್ಕಳಲ್ಲಿ ಯಾರು, ಹಸನನೋ ಹುಸೇನನೋ? ನಾನು ಚೆನ್ನಾಗಿದ್ದೇನೆ. ನನ್ನ ಹನಿಫಾ ತೀರಿಹೋದ ಮೇಲೆ ಚಹಾದ ಜೊತೆ ಮುರಬ್ಬ ತಿನ್ನಬೇಡಿ ಎನ್ನುವವರಿಲ್ಲ, ಹಾಗಾಗಿ ತಿನ್ನುತ್ತೇನೆ, ಆಮೇಲೆ ಅವಳ ಫೋಟೋದ ಕಡೆ ನೋಡುವುದಿಲ್ಲ.

ಹುಡುಗರ ಕೆಲಸ ಮುಗಿಯುತ್ತಾ ಬಂತು. ಐದು ಜನರ ತಂಡ, ಮುಂದಾಳು ಶಹ್ಲೊ, ನಮ್ಮ ಪಕ್ಕದ ಮನೆಯ ಸಾರಾ ಅತ್ತೆಯ ಮರಿಮೊಮ್ಮಗಳು. ಅವರು ಮಾಡುತ್ತಿರುವುದಕ್ಕೆ ಇಂಗ್ಲಿಷಿನಲ್ಲಿ ಆಗ್ಮೆಂಟೆಡ್ ರಿಯಾಲಿಟಿ ಎನ್ನುತ್ತಾರಂತೆ. ರಿಯಾಲಿಟಿ ಅಂದರೆ ನಿಜ, ಅಷ್ಟು ನೆನಪಿದೆ. ಮೊದಲನೆಯ ಪದ ನಮ್ಮ ಪಾಠದಲ್ಲಿ ಬರಲೇ ಇಲ್ಲ, ಅಥವಾ ಬಂದ ವಾರ ಕಾಲೇಜನ್ನೆಲ್ಲ ಹತ್ತಿ ಬಿಡಿಸಲು ಹೊರಡಿಸಿದ್ದರು. ನಮ್ಮ ಓಣಿ ಇದ್ದ ಜಾಗ ಈಗ ಮದುವೆ ಛತ್ರದ ಹಿಂದೆ ಕಾರು ನಿಲ್ಲಿಸುವ ಬಯಲು. ಅಲ್ಲಿ ನಿಂತು ಫೋನ್ ಎತ್ತಿ ಹಿಡಿದರೆ ಅದರ ಪರದೆಯಲ್ಲಿ ಕಾರುಗಳ ನಡುವೆ ಮಣ್ಣಿನ ಗೋಡೆಗಳು ಏಳುತ್ತವೆ, ನೀರಿನ ಕಾಲುವೆ ಹರಿಯುತ್ತದೆ. ಹದಿನೇಳು ಮನೆ ಆಗಿವೆ. ಉಳಿದದ್ದು ನಮ್ಮದೊಂದು. ನಾನು ಅಳತೆಗಳನ್ನು ತಪ್ಪು ತಪ್ಪಾಗಿ ಹೇಳುತ್ತೇನೆಂದು ಶಹ್ಲೊಗೆ ಸಿಟ್ಟು. ‘ಬೊಬೊ, ಭೂಕಂಪ ಆದಾಗ ಅರ್ಧ ಊರಿನ ಬಾಗಿಲಿಗೆ ನಂಬರ್ ಬರೆದೋರು ನೀವು. ನಿಮ್ಮನೆ ಬಾಗಿಲೇ ಮರೆತುಹೋಯ್ತಾ?’ ಅನ್ನುತ್ತಾಳೆ. ಅಜ್ಜ ಎಂದು ಕರೆದರೂ ಬಾಯಿ ಜೋರು. ಸಾರಾ ಅತ್ತೆಯದೇ ಪಡಿಯಚ್ಚು.

ಮೊನ್ನೆ ಅವಳೊಂದು ಫೋಟೋ ತಂದಳು, ಅತ್ತೆಯ ಪೆಟ್ಟಿಗೆಯಲ್ಲಿ ಇದ್ದದ್ದಂತೆ. ಅವರ ಮಾಳಿಗೆಯ ಮೇಲೆ ಅವರ ಮಕ್ಕಳು ಸಾಲಾಗಿ ನಿಂತಿದ್ದಾರೆ. ಹಿಂದೆ ನಮ್ಮ ಮನೆ, ಅಂಗಳ. ಅಮ್ಮ ಬಿಳಿ ದುಪ್ಪಟಿಯ ಎರಡು ಮೂಲೆ ಹಿಡಿದು ಮರದ ಕೆಳಗೆ ನಿಂತಿದ್ದಾರೆ, ಮೇಲಿಂದ ಯಾರೋ ಹಿಪ್ಪುನೇರಳೆ ಹಣ್ಣು ಉದುರಿಸುತ್ತಿದ್ದಾರೆ, ಕೊಂಬೆಗಳ ನಡುವೆ ಒಂದು ಕಾಲು ಮಾತ್ರ ಕಾಣುತ್ತದೆ. ಆ ಕಾಲು ನನ್ನದು, ಓಪಾ. ಓಣಿಯಲ್ಲಿ ಸೈನ್ಯದವರ ಡೇರೆ. ಶಹ್ಲೊ ಬೈಯಲಿಲ್ಲ, ಮೆಲ್ಲಗೆ ಕೇಳಿದಳು: ‘ಬೊಬೊ, ನೆಲ ನಡುಗಿದ್ದು ಏಪ್ರಿಲ್‌ನಲ್ಲಿ. ಡೇರೆ ಬಂದಿದ್ದು ಅದಾದ ಮೇಲೆ. ಈ ಹಣ್ಣು ಆಗೋದು ಜೂನ್ ಹತ್ತಿರ. ನೆಲ ನಡುಗಿದ ದಿನವೇ ಬಿತ್ತು ಅಂದಿದ್ರಲ್ಲ, ಆ ಮನೆ ಇಲ್ಲಿ ಹ್ಯಾಗೆ ನಿಂತಿದೆ?’ ಚಹಾ ತಣ್ಣಗಾಯಿತು, ಬೇರೆ ತರುತ್ತೇನೆಂದು ಅಡುಗೆಮನೆಗೆ ಹೋದೆ. ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತೆ.

ಮನೆ ಬೀಳಲಿಲ್ಲ, ಓಪಾ. ಅಪ್ಪ ಮಣ್ಣಿನೊಳಗೆ ಮರದ ಚೌಕಟ್ಟು ಕೊಟ್ಟು ಕಟ್ಟಿದ ಮನೆ. ಅದು ಅಲುಗಾಡಿ ಮತ್ತೆ ನಿಂತುಕೊಂಡಿತು. ಗಿಲಾವು ಎರಡು ಕಡೆ ಉದುರಿತ್ತು, ಅಷ್ಟೆ. ನಾನು ಆಗ ಬಿರುಕು ನೋಡುವ ಎಂಜಿನಿಯರನ ಹಿಂದೆ ಬಣ್ಣದ ಡಬ್ಬಿ ಹಿಡಿದು ತಿರುಗುತ್ತಿದ್ದೆ. ಒಂದು ಅಂದರೆ ರಿಪೇರಿ, ಮೂರು ಅಂದರೆ ಕೆಡವುವುದು. ನಮ್ಮ ಬಾಗಿಲಿಗೆ ಬಂದಾಗ ಅವನು ‘ಇದಕ್ಕೆ ಒಂದು’ ಎಂದು ಹೇಳಿ, ನಿಲ್ಲದೆ ಸಾರಾ ಅತ್ತೆಯ ಮನೆ ಕಡೆ ನಡೆದ. ಬಾಗಿಲಿಗೆ ಮೂರು ಬರೆಸಿಕೊಂಡ ಮನೆಯವರಿಗೆ ಚಿಲಾನ್ಜಾರಿನಲ್ಲಿ ಬಿಸಿನೀರಿನ ಫ್ಲ್ಯಾಟು. ಮಗಳಿಗೆ ಕಾಲುವೆ ನೀರು ಹೊರುವ ಮನೆ ಬೇಡವೆಂದು ಹನಿಫಾಳ ಅಪ್ಪ ಹೇಳಿ ಕಳಿಸಿ ಎಂಟು ದಿನವಾಗಿತ್ತು. ನನಗೆ ಇಪ್ಪತ್ತು ವಯಸ್ಸು. ಮೂರು ಬರೆದೆ. ಅಮ್ಮನಿಗೆ ಸರ್ಕಾರದವರು ಬರೆದರು ಎಂದೆ. ನಿಮಗೆ, ಮೊದಲ ನಡುಕಕ್ಕೇ ಮನೆ ಬಿತ್ತು ಎಂದು ಅಮ್ಮನ ಹೆಸರಿನಲ್ಲಿ ಪತ್ರ ಬರೆದೆ. ಅವರಿಗೆ ಓದಲು ಬಾರದು. ನಿಮಗೆ ಅವಳಿ ಬಾಣಂತನ, ಬರಲಾಗಲಿಲ್ಲ. ನೀವು ಬಂದದ್ದು ಫೆಬ್ರವರಿಯಲ್ಲಿ, ಅಮ್ಮನ ಮಣ್ಣಿಗೆ.

ನಾಲ್ಕನೇ ಮಹಡಿಯಲ್ಲಿ ಅಮ್ಮ ಆ ಚಳಿಗಾಲವನ್ನು ಹೇಗೆ ಕಳೆದರೆಂದು ನಿಮಗೆ ಹೇಳಿಲ್ಲ. ರೊಟ್ಟಿ ಸುಡಲು ತಂದೂರ್ ಇಲ್ಲ, ಅಂಗಡಿ ರೊಟ್ಟಿಯನ್ನು ಮುಟ್ಟಿ ನೋಡಿ ಇಡುತ್ತಿದ್ದರು. ಮೆಟ್ಟಿಲಿಳಿದು ಹೋಗಿ ಕಟ್ಟಡದ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು, ಹಿಮ ಬೀಳುವಾಗಲೂ. ಒಳಗೆ ಬಾ ಅಮ್ಮಾ ಎಂದರೆ, ‘ಯಾವ ಒಳಗೆ?’ ಎನ್ನುತ್ತಿದ್ದರು. ನೀವು ಮಣ್ಣಿನ ದಿನ ನನ್ನ ತಲೆ ಸವರಿ, ‘ನೆಲ ನಡುಗಿದ್ದಕ್ಕೆ ಯಾರನ್ನ ಬೈಯೋಣ, ತಮ್ಮಾ’ ಅಂದಿರಿ. ಐವತ್ತೇಳು ವರ್ಷ ಆ ಕೈ ನನ್ನ ತಲೆಯ ಮೇಲಿದೆ. ಹನಿಫಾಗೂ ಹೇಳಲಿಲ್ಲ, ತನಗಾಗಿ ಆದದ್ದೆಂದು ಗೊತ್ತಾದರೆ ಆ ನಲ್ಲಿಯ ನೀರನ್ನು ಅವಳು ಮುಟ್ಟುತ್ತಿರಲಿಲ್ಲ.

ಇನ್ನೂ ಬರೆಯುವುದಿತ್ತು. ಆದರೆ ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ, ಸಾಲುಗಳು ಒಂದರ ಮೇಲೊಂದು ಹತ್ತುತ್ತಿವೆ. ಮನೆಯಲ್ಲಿ ಎಲ್ಲರಿಗೂ ಸಲಾಂ. ಮೊಮ್ಮಕ್ಕಳ ಹಣೆಗೆ ನನ್ನ ಮುತ್ತು. ದೇವರು ನಿಮ್ಮ ಮಂಡಿಗೆ ಬಲ ಕೊಡಲಿ.

ನಿಮ್ಮ ತಮ್ಮ,
ಜುಹ್ರಿದ್ದೀನ್

ತಾ.ಕ.: ಕೆಳಮನೆಯ ಟ್ಯಾಕ್ಸಿಯವನು ಬೆಳಿಗ್ಗೆ ನಾಮಂಗಾನಿಗೆ ಹೊರಡುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ, ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಮನೆ ನಡುಗಿ ಬೀಳುವ ಹಾಗೆ ಹುಡುಗರು ಮಾಡಿಟ್ಟಿದ್ದನ್ನು ಇವತ್ತು ತೆಗೆಸಿದೆ. ನಮ್ಮ ಬಾಗಿಲಿನ ಬಳಿ ಕೇಳಿಸುವ ಮಾತನ್ನು ನನ್ನ ದನಿಯಲ್ಲೇ ಹೇಳಿಸಿದ್ದಾರೆ. ಇಲ್ಲಿ ಬರೆದದ್ದೆಲ್ಲ ಅದರಲ್ಲಿದೆ, ಹನಿಫಾಳ ಹೆಸರೊಂದು ಬಿಟ್ಟು. ನೀವು ಬರಲೇಬೇಕು, ಅಪ್ಪನ ಮನೆ ನೋಡಲೇಬೇಕು. ಭಾನುವಾರ ಬೆಳಿಗ್ಗೆಯೆಲ್ಲ ಬಯಲು ನಿಮ್ಮದು, ಶಹ್ಲೊ ಜೊತೆಗಿರುತ್ತಾಳೆ. ನಾನು ಎರಡು ಗಂಟೆಯ ತನಕ ಆ ಕಡೆ ಬರುವುದಿಲ್ಲ. ನನ್ನ ಮುಖ ನೋಡುವ ಮನಸ್ಸಿದ್ದರೆ ಎರಡರವರೆಗೆ ಇರಿ.